ಮೊಳೆ ಇದ್ದ ಗೋಡೆ

ಬುಖಾರಾದ ರೊಟ್ಟಿಯಂಗಡಿಯ ಸಾಲು ಕದಲುತ್ತಿಲ್ಲವೆಂದು ಗೊಣಗುತ್ತಿದ್ದ ಜೆಬೋ, ಮುಂದೆ ನಿಂತಿದ್ದ ಇಬ್ಬರು ಹೆಂಗಸರ ಮಾತಿಗೆ ಕಿವಿಗೊಟ್ಟಳು.

"ಹಳೇ ಮನೆ ರಿಪೇರಿ ಮುಗೀತಾ, ಮಹಬೂಬಾ?"

"ಮುಗೀತು, ಅಕ್ಕ. ಉಳಿದಿದ್ದ ಗೋಡೆಗೂ ಮಣ್ಣು ಮೆತ್ತಿದ್ರು. ನಾಳೆ ಒಕ್ಕಲು ಹೋಗ್ತೀವಿ."

"ಅದೊಂದು ಗೋಡೆ ಯಾಕೆ ಬಿಟ್ಟಿದ್ರಿ?"

"ಮೈದುನ ಸೈನ್ಯಕ್ಕೆ ಹೋಗುವಾಗ ಒಂದು ತುತ್ತು ಕಚ್ಚಿಟ್ಟ ರೊಟ್ಟಿ ಅಲ್ಲೇ ಮೊಳೇಲಿ ನೇತಾಡ್ತಿತ್ತಲ್ಲ. ಕಚ್ಚಿಟ್ಟ ರೊಟ್ಟಿ ಹೋದವನನ್ನ ತಿರುಗಿ ಕರ್ಕೊಂಡು ಬರುತ್ತೆ, ಅವನು ಬಂದು ಉಳಿದದ್ದು ತಿನ್ನೋವರೆಗೂ ಯಾರೂ ಮುಟ್ಟಬಾರದು ಅಂತ ಅತ್ತೆ ಕಾವಲು ಕೂತಿದ್ರು. ಮೇಸ್ತ್ರಿ ಮುನಿಸ್ಕೊಂಡು ಹೋಗಿದ್ದ."

"ಬಂದನಾ ಮೈದುನ?"

"ಮೊನ್ನೆ ಬಂದ. ರೊಟ್ಟಿ ಕಲ್ಲಾಗಿತ್ತು. ಚಹಾದಲ್ಲಿ ನೆನೆಸಿ ಪೂರ್ತಿ ತಿಂದ."

"ಅತ್ತೆ ಅತ್ತಿರಬೇಕು."

"ಅವರೆಲ್ಲಿ ಅಳ್ತಾರೆ. ಮೇಸ್ತ್ರಿಗೆ ಹೇಳಿಕಳಿಸಿ, 'ಇಷ್ಟು ದಿನ ಎಲ್ಲಿ ಸತ್ತಿದ್ದೆ, ಮಣ್ಣು ಕಲಸು' ಅಂತ ಬೈದ್ರು. ಕಿತ್ತ ಮೊಳೆ ಮಾತ್ರ ಇನ್ನೂ ಮುಷ್ಟಿಯಿಂದ ಬಿಟ್ಟಿಲ್ಲ."

ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಹೊರಟರು. ತನ್ನ ಸರದಿ ಬಂದದ್ದು ಜೆಬೋಗೆ ತಿಳಿಯಲೇ ಇಲ್ಲ.