ಹತ್ತು ಸೆಕೆಂಡಿನ ಒಪ್ಪಿಗೆ

ವೇದಿಕೆಯ ನಡುವಿನ ಕುರ್ಚಿಯನ್ನು ಅಲಂಕರಿಸಿರುವ, ನಮ್ಮ ಸಮಾಜದ ವಧು-ವರ ಕೇಂದ್ರದ ಅಧ್ಯಕ್ಷರಾದ ಸನ್ಮಾನ್ಯ ಭಾಗಣ್ಣನವರೇ, ವಾಡಿಯಿಂದ ದಯಮಾಡಿಸಿ ಮೊದಲ ಸಾಲಿನಲ್ಲಿ ಆಸೀನರಾಗಿರುವ ವರನ ಕಡೆಯ ಹಿರಿಯರೇ, ಫ್ಯಾನು ಎಲ್ಲಿ ತಿರುಗುತ್ತದೆಂದು ನೋಡಿಕೊಂಡೇ ಕುಳಿತಿರುವ ಜಾಣ ಸಭಿಕರೇ,

ಕೇಂದ್ರದ ಈ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ಸುಪುತ್ರಿ, ಚಿಂಚೋಳಿಯಲ್ಲಿ ನರ್ಸ್ ಆಗಿರುವ ಭಾಗ್ಯಜ್ಯೋತಿಯವರ ಸಂಬಂಧ ಘೋಷಣೆಯಾಗಬೇಕಿತ್ತು. ಆದರೆ ಸೇಡಂ ಕಚೇರಿಯ ನಮ್ಮ ಕಂಪ್ಯೂಟರು ಬೆಳಿಗ್ಗೆಯಿಂದ 'ನಿಶ್ಚಯ' ಎಂದು ಬರೆದುಕೊಳ್ಳಲು ಒಪ್ಪುತ್ತಿಲ್ಲ. 'ಕಾಯಿರಿ' ಎನ್ನುತ್ತಿದೆ. ಅದು ಬರೆದುಕೊಳ್ಳದೆ ಘೋಷಣೆಯಿಲ್ಲ ಎಂಬುದು ಕೇಂದ್ರದ ನಿಯಮ. "ಸಿಸ್ಟಮ್ ಯಾಕ ಇಷ್ಟು ಸ್ಲೋ ಆಗ್ಯಾದ, ಮೈಕಿನಾಗ ನೀನೇ ಹೇಳು, ನನ್ನ ಮರ್ಯಾದಿ ಹೊಂಟದ" ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೂ ಆ ವಿಭಾಗದ ಏಕೈಕ ಸದಸ್ಯನೂ ಆದ ನಾನು ತಲೆಬಾಗಿ ಹೇಳುತ್ತೇನೆ.

ನಮ್ಮ ಮಾಹಿತಿಗೆ ಎರಡು ಪ್ರತಿಗಳಿವೆ. ಒಂದು ಸೇಡಂನಲ್ಲಿ, ಇನ್ನೊಂದು ಚಿಂಚೋಳಿ ಶಾಖೆಯಲ್ಲಿ. ಇಲ್ಲಿ ಬರೆದದ್ದು ಅಲ್ಲಿ ತಾನಾಗಿ ನಕಲಾಗಬೇಕು. ಇದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. 'ನನಗೆ ಮುಟ್ಟಿತು' ಎಂದು ಆ ಕಡೆಯಿಂದ ಉತ್ತರ ಬರುವವರೆಗೆ ಈ ಕಡೆಯವರು ಎಷ್ಟು ಹೊತ್ತು ಕಾಯಬೇಕು? ಅದನ್ನು ನಾವೇ ಹೊಂದಿಸಬೇಕು. ತಂತ್ರಾಂಶ ಬಂದಾಗ ಅದರಲ್ಲಿ ಹತ್ತು ಸೆಕೆಂಡು ಎಂದಿತ್ತು. ಅಷ್ಟರೊಳಗೆ ಉತ್ತರ ಬಾರದಿದ್ದರೆ, ಬಂತೆಂದೇ ಭಾವಿಸಿ ಮುಂದಿನ ಕೆಲಸ! ಸಭಿಕರೇ, ಅದನ್ನು ಬರೆದವರು ನಮ್ಮ ಸೀಮೆಯವರಲ್ಲ. ನಮ್ಮಲ್ಲಿ ಕನ್ಯಾ ನೋಡುವ ಪದ್ಧತಿ ಅವರಿಗೆ ಹೇಗೆ ಗೊತ್ತಾಯಿತು?

ಕುರಕುಂಟಾದ ಸಾಬಮ್ಮ ಎಂಬ ಹುಡುಗಿಯ ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ಕಳೆದ ವರ್ಷ ಆಕೆಯ ಸೋದರಮಾವ ಶಹಾಬಾದಿನ ಸಂಬಂಧ ಗೊತ್ತುಮಾಡಿ ಬಂದರು. ಸೇಡಂನಲ್ಲಿ 'ನಿಶ್ಚಯ' ಎಂದು ಬರೆದೆವು. ಚಿಂಚೋಳಿಯ ಲೈನು ಅಂದು ಸತ್ತಿತ್ತು. ಹತ್ತು ಸೆಕೆಂಡು ಕಾದ ಯಂತ್ರ ಮುಂದೆ ಹೋಯಿತು. ಹಾಗಾಗಿ ಅಲ್ಲಿನ ಪ್ರತಿಯಲ್ಲಿ ಸಾಬಮ್ಮ ಇನ್ನೂ ಕನ್ಯೆಯಾಗಿಯೇ ಉಳಿದಿದ್ದಳು. ಚಿಂಚೋಳಿಯ ಒಂದು ಕುಟುಂಬ ಅದನ್ನು ನೋಡಿ, ಕ್ರೂಸರ್ ಜೀಪು ಮಾಡಿಕೊಂಡು ಕುರಕುಂಟಾಕ್ಕೆ ಬಂದಿಳಿಯಿತು. ಶಹಾಬಾದಿನವರು ಸೀರೆ ತಂದು ಆಗಲೇ ಜಮಖಾನದ ಮೇಲೆ ಕುಳಿತಿದ್ದರು.

ಉತ್ತರ ಹೇಳಲೆಂದು ಹುಡುಗಿಯ ಕಡೆಯವರು ನನ್ನನ್ನು ಬೈಕಿನ ಮೇಲೆ ಎತ್ತಿಹಾಕಿಕೊಂಡು ಹೋದರು. "ಏನೋ ತಮ್ಮಾ, ನಿನ್ನ ಕಂಪ್ಯೂಟರಿಗೆ ಎರಡು ಬಾಯಿ ಅವೇನು?" ಎಂದು ಶಹಾಬಾದಿನ ಬೀಗರು ಕೇಳಿದರು. ನಾನು ಸೇಡಂ ಪ್ರತಿಯೇ ಪ್ರಮಾಣ ಎಂದು ಗಂಭೀರವಾಗಿ ಸಾರಿದೆ. ಆಗ ಒಳಗಿನಿಂದ ಸಾಬಮ್ಮ ಬಂದಳು.

"ಚಿಂಚೋಳಿ ಕಂಪ್ಯೂಟರೇ ಖರೆ ಅದ. ನನಗ ಇನ್ನಾ ಯಾರೂ ಕೇಳೇ ಇಲ್ಲ."

"ಕೇಳಿದ್ನಲ್ಲವ್ವಾ! ನೀ ಸುಮ್ನ ಇದ್ದಿ" ಎಂದರು ಮಾವ.

"ಬಾಯಾಗ ರೊಟ್ಟಿ ಇತ್ತು ಮಾಮಾ. ನುಂಗೂದ್ರಾಗ ನೀ ಚಪ್ಪಲಿ ಹಾಕ್ಕೊಂಡು ಹೊಂಟೇ ಬಿಟ್ಟಿ."

ಎರಡೂ ಕಡೆಯವರು ಚಹಾ ಕುಡಿದು, ಬಂದ ದಾರಿ ಹಿಡಿದರು.

ನನ್ನ ಅಕ್ಕನಿಗೂ ಅಷ್ಟೇ ಸಮಯ ಕೊಟ್ಟಿದ್ದರು. ನಾನು ಆಗ ಐದನೇ ಇಯತ್ತೆಯಲ್ಲಿ ಓದುತ್ತಿದ್ದೆ. ಆಕೆ ಏನೋ ಹೇಳಲು ಬಾಯಿ ತೆರೆದದ್ದು ನನಗೆ ಕಂಡಿತ್ತು. ಅಷ್ಟರಲ್ಲಿ ಯಾರೋ ಆ ಬಾಯಿಗೆ ಸಕ್ಕರೆ ಹಾಕಿದರು. ಆಕೆ ಏನು ಹೇಳಬೇಕೆಂದಿದ್ದಳು ಎಂದು ನಾನು ಈವರೆಗೆ ಕೇಳಿಲ್ಲ. ಇರಲಿ. ಇದು ತಾಂತ್ರಿಕ ವಿಷಯವಲ್ಲ.

ತಾಂತ್ರಿಕ ವಿಷಯವೇನೆಂದರೆ, ಅಂದು ಕುರಕುಂಟಾದಿಂದ ಬಂದವನೇ ಮೂರನೆಯ ಪ್ರತಿಯೊಂದನ್ನು ಸೇರಿಸಿದೆ. ಅದು ಹುಡುಗಿಯ ಫೋನಿನಲ್ಲಿರುತ್ತದೆ. ಅಲ್ಲಿಂದ ಆಕೆಯೇ ಒತ್ತಿದ ಉತ್ತರ ಬಾರದೆ ಸೇಡಂನಲ್ಲಿ ಒಂದಕ್ಷರವೂ ಮೂಡದು. ಕಾಯುವ ಮಿತಿ? ಇಲ್ಲ. ಹತ್ತು ಸೆಕೆಂಡಿಲ್ಲ, ಹತ್ತು ದಿನವಿಲ್ಲ, ಮಿತಿಯೇ ಇಲ್ಲ. ಕದ್ದು ಮಾಡಿದ್ದಲ್ಲ; ಸಮಿತಿಯ ಮುಂದೆ ಓದಿ ಹೇಳಿದ್ದೇನೆ. ಅಧ್ಯಕ್ಷರು ಆಗ ಫೋನಿನಲ್ಲಿದ್ದರು. ನಾನು ಹತ್ತು ಸೆಕೆಂಡು ಕಾದೆ. ಸುಮ್ಮನಿದ್ದರು. ಒಪ್ಪಿಗೆ ಎಂದು ಬರೆದುಕೊಂಡೆ.

ಆದ್ದರಿಂದ ಮಾನ್ಯರೇ, ಸಿಸ್ಟಮ್ ನಿಧಾನವಾಗಿಲ್ಲ. ಲೈನು ಸರಿಯಿದೆ, ಕರೆಂಟಿದೆ, ಚಿಂಚೋಳಿಯಲ್ಲಿ ಟವರ್ ನಿಂತೇ ಇದೆ. ಭಾಗ್ಯಜ್ಯೋತಿಯವರು ಇನ್ನೂ ಉತ್ತರಿಸಿಲ್ಲ, ಅಷ್ಟೇ. ಬೆಳಿಗ್ಗೆ ನಾನು ಫೋನು ಮಾಡಿದಾಗ, "ಡ್ಯೂಟಿ ಮ್ಯಾಲ ಇದ್ದೀನಿ ಅಣ್ಣಾ. ಅಪ್ಪ ಎಲ್ಲರಿಗೂ ಕೇಳ್ಯಾನ, ನನಗೊಬ್ಬಾಕಿಗೆ ಬಿಟ್ಟು. ವಿಚಾರ ಮಾಡಾಕತ್ತೀನಿ, ಗಡಬಡ ಮಾಡಬ್ಯಾಡ್ರಿ" ಎಂದರು. ಗಡಬಡ ಮಾಡುವ ಅಧಿಕಾರ ಕಂಪ್ಯೂಟರ್ ವಿಭಾಗಕ್ಕಿಲ್ಲ. ಭಾಗಣ್ಣ ಕಾಕಾ, ನನ್ನ ಅಂಗಿ ಎಳೀಬ್ಯಾಡ್ರಿ, ಮುಗಿಸುತ್ತಿದ್ದೇನೆ.

ಕ್ಷಮಿಸಿ, ಒಂದು ನಿಮಿಷ. ಫೋನು ಮಿಡಿಯಿತು.

ಉತ್ತರ ಬಂದಿದೆ. ನಿಯಮದಂತೆ ಸಭೆಯಲ್ಲಿ ಓದುತ್ತೇನೆ. ಒಪ್ಪಿಗೆಯ ಕಾಲಮ್ಮಿನಲ್ಲಿ: 'ಬ್ಯಾಡ.' ಷರಾ ಕಾಲಮ್ಮಿನಲ್ಲಿ: 'ಅಪ್ಪಗ ಬಿಪಿ ಗುಳಿಗಿ ನೆನಪು ಮಾಡ್ರಿ. ಸಂಜಿಗೆ ಮನಿಗಿ ಬರ್ತೀನಿ, ಮಾತಾಡೋಣು.'

ಸೇಡಂ ಪ್ರತಿ, ಚಿಂಚೋಳಿ ಪ್ರತಿ, ಫೋನಿನ ಪ್ರತಿ, ಮೂರೂ ತಾಳೆಯಾಗಿವೆ. ಆಕೆ ಒತ್ತಿದ ಮೇಲೆ ಇಲ್ಲಿಗೆ ಮುಟ್ಟಲು ಒಂದು ಸೆಕೆಂಡೂ ಹಿಡಿಯಲಿಲ್ಲ. ವೇಗದ ಬಗ್ಗೆ ಇದ್ದ ದೂರು ಇತ್ಯರ್ಥವಾಯಿತೆಂದು ಭಾವಿಸುತ್ತೇನೆ.

ಇಷ್ಟು ಹೊತ್ತು ಮೈಕು ಬಿಟ್ಟುಕೊಟ್ಟ ಎಲ್ಲರಿಗೂ ಧನ್ಯವಾದಗಳು. ಯಾರಾದರೂ ಅಧ್ಯಕ್ಷರಿಗೆ ಒಂದು ಗ್ಲಾಸು ನೀರು ಕೊಡಿ. ನಮಸ್ಕಾರ.