ಬಾಣಂತಿ ಕೋಣೆಯ ಮೇಲಿನ ಕಿಂಡಿ

ಕಿಂಡಿಯವಳೂ ಇಲ್ಲ, ಯಾರೂ ಇಲ್ಲ. ಶಾಂತಜ್ಜೀನ ಅವಳು ಕರ್ಕೊಂಡು ಹೋದಳು ಅಂತ ನಿಮಗೆ ಹೇಳಿದ್ದು ಯಾರು? ಹೂಂ, ಗೊತ್ತಾಯ್ತು, ಆನವಟ್ಟಿ ದೊಡ್ಡಮ್ಮ. ಅವರದ್ದೇನೂ ತಪ್ಪಿಲ್ಲ ಬಿಡಿ, ಅವರು ಕೇಳಿದ್ದನ್ನ ಅವರು ಹೇಳಿದಾರೆ. ಆದರೆ ನಿಮ್ಮಮ್ಮನ್ನ ಹೆತ್ತ ಶಾಂತಾ ನನ್ನ ನಾದಿನಿ, ಆ ಮಧ್ಯಾಹ್ನ ಆ ಮನೇಲಿ ನಾನಿದ್ದೆ. ಅದಕ್ಕೇ ನಾನೇ ಹೇಳಬೇಕು. ಆ ಕಥೆ ನಾನೂ ಸೊಸೆಯಾಗಿ ಬಂದ ಹೊಸದರಲ್ಲೇ ಕೇಳಿದ್ದೆ. ಯಾವಳೋ ಒಬ್ಬಳು ತೊಗರ್ಸಿ ದಾರೀಲಿ ಹಡೆದು ಸತ್ತಳಂತೆ, ಆಮೇಲೆ ಬಾಣಂತಿ ಇರೋ ಮನೆ ಮಾಡಿನ ಕಿಂಡಿಯಿಂದ ಇಣುಕ್ತಾಳಂತೆ. ಅವಳ ಹೆಸರೇನು, ಯಾರ ಮನೆಯವಳು ಅಂತ ನಾನು ಊರಿನ ಮುದುಕಿಯರನ್ನ ಒಬ್ಬೊಬ್ಬರನ್ನಾಗಿ ಕೇಳಿದೆ, ನೋಡಿ. ಒಬ್ಬರು ಹೇಳಿದ ಹೆಸರು ಇನ್ನೊಬ್ಬರು ಹೇಳಲಿಲ್ಲ. ಅಲ್ಲಿಗೆ ಕೇಳೋದು ಬಿಟ್ಟೆ. ನಂಬಲಿಲ್ಲ, ಹಾಗಂತ ಬಾಯಿ ಬಿಟ್ಟು ಹೇಳಲೂ ಇಲ್ಲ.

ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇರಬೇಕು. ನಾನು ಬಿ.ಎಸ್ಸಿ. ಮುಗಿಸಿ ಆ ಮನೆಗೆ ಬಂದು ಎರಡು ವರ್ಷ, ಅಲ್ಲ, ಮೂರು ವರ್ಷ ಆಗಿತ್ತು. ಮನೆಗೆ ಆವರೆಗೂ ನಾಡಹೆಂಚು. ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು, ಒಡೆದದ್ದು ತೆಗೆದು ಬೇರೆ ಇಡಬೇಕು, ಅಷ್ಟರಲ್ಲಿ ಮಂಗಗಳು ಬಂದು ಮತ್ತೆ ಕುಣಿದು ಹೋಗಬೇಕು. ಸಂದು ಸಂದಿನಲ್ಲೂ ಸೋರೋದು. ಆದರೆ ಒಂದು ಮಾತು, ಆ ಸಂದುಗಳಿಂದಲೇ ಹೊಗೆ ಆಚೆ ಹೋಗ್ತಿತ್ತು. ಬೆಳಿಗ್ಗೆ ಒಲೆ ಹಚ್ಚಿದರೆ ಮಾಡಿನ ಉದ್ದಕ್ಕೂ ಹೊಗೆ ಏಳೋದು, ದೂರದಿಂದ ನೋಡಿದೋರು ಮನೆಗೇ ಬೆಂಕಿ ಬಿತ್ತು ಅನ್ಕೋಬೇಕು. ಮಾವನವರಿಗೆ ಸಾಕಾಗಿ, ಆ ಬೇಸಿಗೇಲಿ ಮಂಗಳೂರು ಹೆಂಚು ಹೊದಿಸೋದು ಅಂತಾಯ್ತು. ಶಿಕಾರಿಪುರದಿಂದ ಖಾದರ್ ಸಾಬ್ರು ಬಂದ್ರು. ಒಳ್ಳೇ ಕೆಲಸಗಾರ. ಹೆಂಚಿನ ಕೆಳಗೆ ಸಾಲಾಗಿ ಹಲಗೆ ಹೊಡೆದು, ನೆತ್ತಿಯ ಹೆಂಚಿಗೆಲ್ಲ ಗಾರೆ ಮೆತ್ತಿದರು, ಒಂದು ಹನಿ ಒಳಗೆ ಬೀಳದ ಹಾಗೆ. ಅದಾದ ಮೇಲೆ ಸೂರಿನ ಹತ್ರ ಉದ್ದಕ್ಕೂ ನಾಲ್ಕು ಬೆರಳು ಸಂದು ಬಿಟ್ಟರು, ಮೇಲೆ ಎರಡೂ ಪಕ್ಕದ ಗೋಡೆಯ ನೆತ್ತೀಲಿ ಒಂದೊಂದು ಕಿಂಡಿ ಬಿಟ್ಟರು, ಅಟ್ಟದ ಹಲಗೇಲೂ ಒಂದು ಮೊಳದ ಚೌಕ ಕೊಯ್ದರು. ಮಾವನವರು ಕೆಳಗಿಂದ ನೋಡಿ, "ಏನ್ರೀ ಸಾಬ್ರೇ, ಇಷ್ಟು ಖರ್ಚು ಮಾಡಿ ಮಾಡು ಮುಚ್ಚಿಸಿದ್ದು ನೀವು ತೂತು ಕೊರೀಲಿ ಅಂತಾನಾ?" ಅಂದ್ರು.

"ಯಜಮಾನ್ರೇ, ಹಳೇ ಹೆಂಚು ಮೈಯೆಲ್ಲ ಉಸಿರಾಡ್ತಿತ್ತು. ಇದು ಹಾಗಲ್ರೀ. ತಣ್ಣಂದು ಸೂರಿಂದ ಬರಬೇಕು, ಬಿಸೀದು ನೆತ್ತಿಯಿಂದ ಹೋಗಬೇಕು. ಮನೆಗೂ ಮೂಗು ಬೇಕಲ್ರೀ."

"ಮೂಗಿಟ್ರೆ ನೆಗಡಿ ಆಗಲ್ವೇನ್ರೀ?"

"ಆಗ್ಲಿ ಬಿಡಿ, ಮೂಗಿಲ್ದೋರ್ಗೆ ಅದೂ ಆಗಲ್ಲ!"

ಎಲ್ಲರೂ ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಯಾಕಂದ್ರೆ ಶಾಂತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಬಾಣಂತಿ ಕೋಣೆ ಇದ್ದದ್ದು ಆ ಅಟ್ಟದ ಕೆಳಗೇ.

ಸಾಬ್ರು ಹೋದ ಮರುದಿನವೇ ಅತ್ತೆ ಸೀರೆ ಎತ್ತಿ ಕಟ್ಟಿದರು. "ಸುಮಿತ್ರಾ, ಏಣಿ ಹಿಡ್ಕೊ ಬಾ." ನಾನು ಮೆತ್ತಗೆ, "ಅತ್ತೆ, ಅದು ಹೊಗೆ ಹೋಗಲಿ ಅಂತ ಬಿಟ್ಟಿದ್ದು" ಅಂದೆ. "ನಾಲ್ಕು ಹೆತ್ತಿದೀನಿ ನಾನು. ನಿಮ್ಮ ಕಾಲೇಜಲ್ಲಿ ಬಾಣಂತನ ಕಲಿಸ್ತಿದ್ರೇನೇ? ಹಿಡ್ಕೊ!" ಹಿಡ್ಕೊಂಡೆ. ಅವರು ಕಿಂಡಿಗಳಿಗೆ ಗೋಣಿ ತುರುಕಿದರು, ಸೂರಿನ ಸಂದಿಗೆ ಹುಲ್ಲು ತುರುಕಿದರು, ಅಟ್ಟದ ಚೌಕದ ಮೇಲೆ ಹಲಗೆ ಎಳೆದರು. ಕೆಟ್ಟವರಲ್ಲ ಅವರು, ಮಕ್ಕಳೇ. ಮಗಳು ಉಳೀಲಿ ಅಂತ ಆ ವಯಸ್ಸಲ್ಲಿ ಏಣಿ ಹತ್ತಿದ ಹೆಂಗಸು ಅವರು.

ಮಳೆಗಾಲದಲ್ಲಿ ನಿಮ್ಮಮ್ಮ ಹುಟ್ಟಿದಳು. ಒಂಬತ್ತನೇ ದಿನ. ಶಾಂತಂಗೆ ಎಣ್ಣೆ ನೀರು ಹಾಕಿ, ಹೊಟ್ಟೆಗೆ ಬಟ್ಟೆ ಬಿಗಿದು, ಹೊದಿಸಿ ಮಲಗಿಸಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟೆವು. ಇದ್ದಿಲು ಕೆಂಪಗಿತ್ತು. ಈ ಪದ್ಧತಿ ಎಲ್ಲರ ಮನೇಲೂ ಇತ್ತು, ಹಳೇ ಮಾಡಿನ ಕೆಳಗೆ ಯಾರಿಗೂ ಏನೂ ಆಗಿರಲಿಲ್ಲ. ಮಳೆಯ ಶೀತ ಅಂತ ಕಿಟಕೀನೂ ಮುಚ್ಚಿದ್ದೆವು. "ಅತ್ತಿಗೆ, ತಲೆ ಯಾಕೋ ಭಾರ" ಅಂದಳು. "ಎಣ್ಣೆ ನೀರು ಹಾಕ್ಕೊಂಡ್ರೆ ಹಾಗೇ" ಅಂದೆ ನಾನು. ನಾನೇ ಅಂದೆ, ಅತ್ತೆ ಅಲ್ಲ. ಇದ್ದಿಲಿನ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ ಅಂತ ಪರೀಕ್ಷೇಲಿ ಬರೆದು ಅಂಕ ತಗೊಂಡೋಳು ನಾನು! ಮಗು ಒಂದೇ ಸಮ ಅಳ್ತಿತ್ತು. ಪಾಪ, ಇವಳು ನಿದ್ದೆ ಮಾಡಲಿ ಅಂತ ಮಗು ಎತ್ಕೊಂಡು ಜಗುಲಿಗೆ ಬಂದೆ. ಬರ್ತಾ ಬಾಗಿಲು ಎಳ್ಕೊಂಡು ಬಂದೆ.

ಮೂರು ಗಂಟೆಗೆ ಹಾಲಿಗೆ ಅಂತ ಮಗೂನ ಒಳಗೆ ಒಯ್ದೆ. ಕೆನ್ನೆ ಕೆಂಪಗಿತ್ತು ಅವಳದ್ದು. ಎಷ್ಟು ಚೆನ್ನಾಗಿ ನಿದ್ದೆ ಹತ್ತಿದೆ ಅಂತ ನಾನು ಒಂದು ಗಳಿಗೆ ಸಂತೋಷಪಟ್ಟು ನಿಂತಿದ್ದೆ. ಆಮೇಲೆ ಕೈ ಮುಟ್ಟಿದೆ.

ಅತ್ತೆ ಎದೆ ಬಡ್ಕೊಂಡು, "ಗೋಣಿ ತುರುಕಿದ್ರೂ ಬಂದ್ಲಲ್ಲೇ, ಆ ಸಾಬ ಕಿಂಡಿ ಇಟ್ಟು ಅವಳಿಗೆ ದಾರಿ ಮಾಡಿಕೊಟ್ಟನಲ್ಲೇ!" ಅಂತ ಅತ್ತರು. ಊರೆಲ್ಲ ಅದನ್ನೇ ಆಡ್ತು. ಹೌದೇ ಅಲ್ಲವೇ ಅಂತ ಕೇಳೋರಿರಲಿಲ್ಲ. ಸುದ್ದಿ ತಿಳಿದು ಸಾಬ್ರು ಬಸ್ಸು ಹತ್ತಿ ಬಂದ್ರು. ಅಂಗಳದಲ್ಲೇ ನಿಂತು ಮಾವನವರಿಗೆ ಕೈ ಮುಗಿದರು, ತಲೆ ಎತ್ತಿ ಮಾಡಿನ ಕಡೆ ನೋಡಿದರು. ಕಿಂಡೀಲಿ ಗೋಣಿ ಕಾಣ್ತಿತ್ತು. ನೋಡಿ, ನನ್ನ ಕಡೆ ತಿರುಗಿದರು. ಈಗ ಇವಳು ಹೇಳ್ತಾಳೆ ಅನ್ಕೊಂಡ್ರೋ ಏನೋ. ನಾನು ಮಗೂನ ಸೆರಗಲ್ಲಿ ಮುಚ್ಕೊಂಡು ಒಳಗೆ ಹೋದೆ. ಆಮೇಲೆ ಆ ಸುತ್ತಿನ ಯಾವ ಮನೆಯವರೂ ಅವರನ್ನ ಮಾಡಿನ ಕೆಲಸಕ್ಕೆ ಕರೀಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಶಿಕಾರಿಪುರಕ್ಕೆ ಹೋಗಿ ಅವರ ಮನೆ ಹುಡುಕಿದೆ. ಕಣ್ಣು ಮಂಜಾಗಿತ್ತು ಅವರಿಗೆ. ಎಲ್ಲ ಹೇಳಿ, "ಆವತ್ತು ನೀವೇ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ಹೆಂಗೆ ಹೇಳ್ಲಿ ತಾಯಿ, ಹೆತ್ತವಳು ಅಲ್ಲೇ ಕೂತಿದ್ದಳು" ಅಂದ್ರು. ಅವರು ಸುಮ್ಮನಿದ್ದದ್ದು ಅತ್ತೆಯ ಮೇಲಿನ ಕರುಣೆಗೆ. ನಾನು ಸುಮ್ಮನಿದ್ದದ್ದು ಹೆದರಿಕೆಗೆ, ಒಮ್ಮೆಯಲ್ಲ, ಏಣಿ ಹಿಡಿದ ದಿನದಿಂದ. ಅದಕ್ಕೇ ಹೇಳೋದು, ಗೊತ್ತಿರೋದನ್ನ ಹೊತ್ತಿಗೆ ಸರಿಯಾಗಿ, ಬೈಸಿಕೊಂಡಾದರೂ ಹೇಳಿಬಿಡಬೇಕು. ಆಯ್ತು, ಏಳಿ, ಕಾಳು ಬಿಡಿಸೋದಿದೆ.