ಗಾಳಿಕೊಳವೆಗೆ ಎರಡು ಚಮಚ

ಮನೆಯಲ್ಲಿ ವೈನ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ. ಸಾಲಿನಲ್ಲಿ ನನ್ನ ಮುಂದೆ ನಡುವಯಸ್ಸಿನ ಅಕ್ಕ, ತಮ್ಮ. ಅಕ್ಕ ವೈನ್ ಜಾಡಿಯ ಮುಚ್ಚಳಕ್ಕೆ ಸಿಕ್ಕಿಸುವ ಗಾಳಿಕೊಳವೆಯನ್ನು ಕೌಂಟರ್ ಮೇಲಿಟ್ಟಳು.

"ಹೊರಗಿನ ಗಾಳಿ ಜಾಡಿಯೊಳಗೆ ಹೋಗಬಾರದು ಅಂತ ಇದಕ್ಕೆ ಎರಡು ಚಮಚ ವೋಡ್ಕಾ ತುಂಬಿಸ್ತೀನಿ. ಬೆಳಗಾದ್ರೆ ಒಣಗಿರುತ್ತೆ. ಮಗಳ ಮದುವೆಗೆ ಅಂತ ಇಟ್ಟ ವೈನ್ ಹುಳಿಯಾಗೋಯ್ತು. ಸೋರುತ್ತಾ ನೋಡಿ."

ಅಂಗಡಿಯವರು ನೀರು ಹಾಕಿ ನೋಡಿದರು. "ಸೋರ್ತಿಲ್ಲಮ್ಮ. ಅಷ್ಟು ಬೇಗ ಆರೋದೂ ಇಲ್ಲ."

"ಮೂರು ಸಲ ತುಂಬಿಸಿದೀನಿ."

"ಅಕ್ಕಾ, ಬಾ ಹೋಗೋಣ," ಅಂದ ತಮ್ಮ.

"ತಡಿಯೋ. ದಿನಾ ಜಾಡಿ ನೋಡ್ಕೊಳ್ಳೋನು ನೀನೇ ತಾನೇ?"

ಅವನು ನೆಲ ನೋಡಿದ. "ಎರಡು ಚಮಚ ತಾನೇ ಅಂತ..."

"ಎಂಟು ತಿಂಗಳಿಂದ ನೀನು ಕುಡಿದೇ ಇಲ್ಲ ಅಂತ ಬೀಗರ ಮುಂದೆಲ್ಲ ಹೇಳ್ಕೊಂಡು ಬಂದೆನಲ್ಲೋ. ವೋಡ್ಕಾ ಬಾಟಲಿನ ಬೀರುವಲ್ಲಿ ಬೀಗ ಹಾಕಿಟ್ಟಿದ್ದೆ. ಈ ಕೊಳವೇಲಿರೋದು ನನಗೆ ಹೊಳೀಲೇ ಇಲ್ಲ."

ಅಂಗಡಿಯವರು ಕೊಳವೆ ಒರೆಸಿ ಕೊಟ್ಟರು.

"ಬರೀ ನೀರು ಹಾಕಿದ್ರೆ ನಡೆಯುತ್ತಾ?"

"ನಡೆಯುತ್ತೆ. ವಾರಕ್ಕೊಮ್ಮೆ ಬದಲಾಯಿಸ್ಬೇಕು."

"ಇವನೇ ಬದಲಾಯಿಸ್ತಾನೆ," ಅಂದಳು ಅಕ್ಕ, ಗಟ್ಟಿಯಾಗಿ, ನಮಗೆಲ್ಲ ಕೇಳುವ ಹಾಗೆ.

ಬಾಗಿಲು ದಾಟುವಾಗ ತಮ್ಮನ ದನಿ ಕೇಳಿಸಿತು. "ಬೇಡ ಅಕ್ಕ. ಈ ಸಲ ಜಾಡಿನೂ ನಿನ್ನ ಕೋಣೇಲೇ ಇಟ್ಟು ಬೀಗ ಹಾಕ್ಕೋ."